ಗೆರಸಿಯ ಅಕ್ಕಿಯಲ್ಲಿ ಬಂದ ಕರೆ

ಕೊಲ್ಲೂರಿನ ತಾಯಿಯನ್ನು ನಂಬಿದ ಎಲ್ಲರಿಗೂ ನನ್ನ ನಮಸ್ಕಾರ. ನನ್ನ ಮಗಳು ಸರೋಜಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಮಾತು ಬಾರದ್ದೂ ಅದಕ್ಕೇ. ಇಷ್ಟು ತಿಳಿದುಕೊಂಡು ಅವಳ ದಾರಿ ಹುಡುಕಲು ನಮ್ಮ ಮನೆಗೆ ಬಹಳ ವರ್ಷ ಹಿಡಿಯಿತು. ಆ ಸಂಕಟವನ್ನೂ ಅಮ್ಮ ಅದನ್ನು ಕಳೆದ ಬಗೆಯನ್ನೂ ಬರೆಯುತ್ತಿದ್ದೇನೆ.

ಅವಳು ಹುಟ್ಟಿದ್ದು ೧೯೫೬ರಲ್ಲಿ, ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ. ಇವರು ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಊರಿಗೆ ಬರುವವರು. ಬಿಜೂರಿನ ಮನೆಯಲ್ಲಿ ಅತ್ತೆ, ನಾನು, ಮಗು. ಮೂರು ತುಂಬಿದರೂ ಮಗುವಿಗೆ ಮಾತು ಬರಲಿಲ್ಲ. ನಾಲಿಗೆ ದಪ್ಪ ಎಂದರು ಊರವರು. ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿದೆವು. ಖಾರಕ್ಕೆ ಮಗು ಮುಖ ಹಿಂಡುವುದು, ಅದನ್ನು ನೋಡಿ ನಾನು ಅಳುವುದು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತು ಹೆಚ್ಚು ಬಲ್ಲವಳು ನಾನೇ, ಜಗಳವೆಲ್ಲ ನನ್ನದೇ! ಯಾರಾದರೂ ಮಗುವನ್ನು ಮೂಗಿ ಎಂದರೆ ಅವರ ಅಂಗಳಕ್ಕೇ ಹೋಗಿ ಕೇಳಿ ಬರುತ್ತಿದ್ದೆ.

ಕೊನೆಗೆ ಬಸ್ಸು ಹತ್ತಿ, ದೋಣಿಯಲ್ಲಿ ಹೊಳೆ ದಾಟಿ, ಮತ್ತೆ ಬಸ್ಸು ಹತ್ತಿ ಮಂಗಳೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಮಗುವಿನ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು. ಅದು ತಿರುಗಿ ನೋಡಲಿಲ್ಲ. "ನಾಲಿಗೆಗೆ ಏನೂ ಆಗಿಲ್ಲ. ಕಿವಿ ಕೇಳುವುದಿಲ್ಲ. ಇದಕ್ಕೆ ಔಷಧವಿಲ್ಲ" ಎಂದರು. ಮುಂದೇನು ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಔಷಧವಿಲ್ಲ ಎಂದರೆ ಸುಮ್ಮನಾಗುವ ಜೀವ ಅತ್ತೆಯದಲ್ಲ. ಮನೆಗೆ ಬಂದವರೇ ಕೈಕಾಲು ತೊಳೆದು, ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಮುಂದಿಟ್ಟರು.

"ಮೂಕಾಸುರನ ಬಾಯಿ ಕಟ್ಟಿದ ಅಮ್ಮಂಗೆ ನಮ್ಮ್ ಮಗಿನ ಬಾಯಿ ಬಿಡ್ಸುಕೆ ಎಷ್ಟ್ ಹೊತ್ತ್ ಬೇಕ್? ಇದ್ ಒಂದ್ಸಲ ನನ್ನ ಅಜ್ಜಿ ಅಂದ್ಹೇಳಿ ಕರೀಲಿ. ಅದೇ ವಾರ ಕೊಲ್ಲೂರಲ್ಲಿ ಅಕ್ಷರಾಭ್ಯಾಸ ಮಾಡ್ಸ್ತೆ. ಅಲ್ಲಿವರೆಗೆ ಸ್ಲೇಟ್ ಮುಟ್ಸುದಿಲ್ಲೆ."

ಹರಕೆ ಹೇಳಿಕೊಂಡವರೇ ಅದನ್ನು ತೀರಿಸಬೇಕು, ನಡುವೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಅತ್ತೆಗೆ ಮೊಮ್ಮಗಳೆಂದರೆ ಪ್ರಾಣ. ಆದರೆ ಆ ಪ್ರೀತಿಯ ಹರಕೆಯೇ ಮಗುವಿನ ದಾರಿಗೆ ಅಡ್ಡ ಬಿತ್ತು. ಓರಗೆಯ ಮಕ್ಕಳೆಲ್ಲ ಶಾಲೆಗೆ ಹೋಗುವಾಗ ಸರೋಜ ಬೇಲಿ ಹಿಡಿದು ನೋಡುತ್ತ ನಿಲ್ಲುವಳು. ಸಂಜೆ ಅತ್ತೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು "ಅಜ್ಜಿ ಅನ್ ಮಗಾ, ಅಜ್ಜಿ ಅನ್" ಎಂದು ಕಿವಿಯ ಹತ್ತಿರ ಕೂಗುವರು. ಅವಳು ಅತ್ತೆಯ ತುಟಿಗೆ ಬೆರಳಿಟ್ಟು ನಗುವಳು. ಹೀಗೇ ಅವಳಿಗೆ ಎಂಟು ತುಂಬಿತು.

೧೯೬೪ರಲ್ಲಿ ಒಂದು ದಿನ ಅಮ್ಮನ ದರ್ಶನಕ್ಕೆಂದು ಮಗಳೊಂದಿಗೆ ಬೈಂದೂರಿನಲ್ಲಿ ಕೊಲ್ಲೂರು ಬಸ್ಸಿಗೆ ಕಾಯುತ್ತಿದ್ದೆ. ಬಸ್ಸೊಂದು ಹಾರ್ನ್ ಹೊಡೆಯುತ್ತ ಹಿಂದೆ ಸರಿಯುತ್ತಿತ್ತು. ಸರೋಜ ಅದಕ್ಕೆ ಬೆನ್ನು ಹಾಕಿ ನಿಂತಿದ್ದಳು. ನಾನು ಕಿರುಚುವಷ್ಟರಲ್ಲಿ ಒಬ್ಬ ಹೆಂಗಸು ಅವಳ ತೋಳು ಹಿಡಿದು ಎಳೆದುಕೊಂಡರು.

"ಹ್ವಾಯ್, ಈ ಹೆಣ್ಣಿಗೆ ಕೆಮಿ ಕೇಂತಿಲ್ಯಾ?"

ಉಪಕಾರ ಮಾಡಿದವರ ಮೇಲೆಯೇ ನನಗೆ ರೇಗಿತು. "ನಿಮ್ಗೆಂತಕೆ ಅದ್?" ಎಂದೆ.

"ಸಿಟ್ಟ್ ಮಾಡ್ಬೇಡಿ ಮರಾಯ್ರೆ. ನನ್ನ ಮಗಂಗೂ ಕೇಂತಿಲ್ಲೆ."

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಅಲ್ಲಿಯವರೆಗೆ ನನ್ನಂಥ ಇನ್ನೊಬ್ಬ ತಾಯಿಯನ್ನು ನಾನು ಕಂಡೇ ಇರಲಿಲ್ಲ. ಅವರು ಶಿರೂರಿನ ಪದ್ದಕ್ಕ. ಅವರ ಮಗ ಬೊಂಬಾಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದ. ಮೊದಲ ವರ್ಷ ಪದ್ದಕ್ಕನೂ ಅಲ್ಲೇ ಇದ್ದು, ತರಗತಿಯ ಹಿಂದೆ ಕುಳಿತು ಕಲಿಸುವ ಬಗೆ ನೋಡಿಕೊಂಡಿದ್ದರು. ಬಸ್ಸಿನಲ್ಲಿ ಹರಕೆಯ ವಿಷಯ ಹೇಳಿದಾಗ ಅವರು ನಕ್ಕರು.

"ನಿಮ್ಮತ್ತೆ ಸ್ಲೇಟ್ ಮುಟ್ಸುದಿಲ್ಲೆ ಅಂದದ್ದ್ ಅಲ್ದಾ? ಹೊಯ್ಗಿ ಮುಟ್ಸುದಿಲ್ಲೆ ಅಂದಿರ್ಲಿಲ್ಲ ಕಾಣಿ!"

ನಮ್ಮ ಅಂಗಳದಾಚೆ ಹೊಯ್ಗೆಗೇನು ಬರ, ಮರಳೇ ಮರಳು. ಅ ಆ ಇ ಈ ಸಾಲಾಗಿ ಹೇಳಿಕೊಡಬೇಡಿ, ವಸ್ತು ತೋರಿಸಿ ಹೆಸರು ಬರೆಯಿರಿ ಎಂದರು ಪದ್ದಕ್ಕ. ಕೋಳಿ ತೋರಿಸಿ ಕೋಳಿ, ಕೊಡ ತೋರಿಸಿ ಕೊಡ, ಆಮೇಲೆ ಮನೆಯವರು. ತಿಂಗಳಿಗೊಮ್ಮೆಯಾದರೂ ಅವರು ಬಸ್ಸು ಹಿಡಿದು ಬಂದು ತಪ್ಪಿದ್ದನ್ನು ತಿದ್ದುವರು. ಕಲಿಸುವ ಬಗೆಗಿಂತ ಹೆಚ್ಚಾಗಿ ನನಗೆ ಸಿಕ್ಕಿದ್ದು ಮುಚ್ಚುಮರೆಯಿಲ್ಲದೆ ಅಳುವುದಕ್ಕೆ ಒಂದು ಹೆಗಲು. ಹೊಯ್ಗೆಯಲ್ಲಿ ನಡೆಯುವುದು ಬರೀ ಆಟವೆಂದೇ ಅತ್ತೆ ತಿಳಿದಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ.

ಮರುವರ್ಷದ ಒಂದು ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಕುಳಿತು ಬಿದಿರಿನ ಗೆರಸಿಯಲ್ಲಿ ಅಕ್ಕಿ ಹರಡಿ ಕಲ್ಲು ಆರಿಸುತ್ತಿದ್ದರು. ಹಿತ್ತಿಲಲ್ಲಿ ಕೋಳಿ ಮರಿ ಮಾಡಿತ್ತು. ಅದನ್ನು ತೋರಿಸಬೇಕೆಂದು ಸರೋಜ ಓಡಿ ಬಂದು ಅತ್ತೆಯ ಸೆರಗು ಎಳೆದಳು. ಅತ್ತೆ ತಲೆ ಎತ್ತಲಿಲ್ಲ. ಆಗ ಅವಳು ಗೆರಸಿಯ ಮುಂದೆ ಕುಳಿತು, ಅಂಗೈಯಿಂದ ಅಕ್ಕಿ ಸಮ ಮಾಡಿ, ಬೆರಳಿನಿಂದ ಬರೆದಳು. ಬರೆದು ಅತ್ತೆಯ ಮುಖವನ್ನೇ ನೋಡುತ್ತ ಕುಳಿತಳು.

"ಅಕ್ಕಿ ಚೆಲ್ಲ್‌ಬೇಡ ಮಗಾ," ಎಂದು ಅತ್ತೆ ಕೈ ಚಾಚಿದರು.

ನಾನು ಬಾಗಿಲಿನಿಂದಲೇ ಓದಿದೆ. "ಅತ್ತೆ, ಅಲುಗ್ಸ್‌ಬೇಡಿ! ಅದ್ ನಿಮ್ಮನ್ನ ಕರೀತಿತ್ತ್. ಅಜ್ಜಿ ಅಂದ್ ಬರ್ದಿತ್ತ್."

ಅತ್ತೆ ಬಾಗಿ ನೋಡಿದರು. ನಾನು ಅವರ ಬೆರಳು ಹಿಡಿದು ಆ ಎರಡು ಅಕ್ಷರಗಳ ಮೇಲೆ ಆಡಿಸಿದೆ. ಅವರು "ಓ ಮಗಾ" ಎಂದು ಓಗೊಟ್ಟರು. ಕಣ್ಣೀರು ಗೆರಸಿಯೊಳಗೆ ಬಿತ್ತು.

"ಇದ್ ಯಾವತ್ತಿಂದ ಕರೀತಿತ್ತೋ ಏನೋ. ಕೇಂತಿಲ್ದೆ ಇದ್ದದ್ ನಂಗೆ."

ಭಕ್ತರೇ, ಅಮ್ಮನ ಸನ್ನಿಧಿಯಲ್ಲಿ ಮಕ್ಕಳು ಮೊದಲ ಅಕ್ಷರ ಬರೆಯುವುದು ಅಕ್ಕಿಯ ಮೇಲೆ. ನಾವು ಅವಳಿಗೆ ಹೊಯ್ಗೆಯನ್ನಲ್ಲದೆ ಬೇರೇನೂ ತೋರಿಸಿರಲಿಲ್ಲ. ಅಕ್ಕಿಯಲ್ಲಿ ಬರೆ ಎಂದು ಆ ಬೆರಳಿಗೆ ಹೇಳಿದವಳು ಅಮ್ಮನಲ್ಲದೆ ಮತ್ಯಾರು?

ಅದೇ ವಾರ ಕೊಲ್ಲೂರಿಗೆ ಹೋಗಿ ಹರಕೆ ತೀರಿಸಿದೆವು. ಒಂಬತ್ತರ ಹುಡುಗಿಯನ್ನು ಒಂದನೆಯ ತರಗತಿಗೆ ಸೇರಿಸಲು ಹೆಡ್‌ಮಾಸ್ಟರು ಹಿಂದೆಮುಂದೆ ನೋಡಿದರು. ಪದ್ದಕ್ಕ ನನ್ನ ಜತೆ ಬಂದು "ನಾಲ್ಕ್ ದಿನ ಮುಂದಿನ ಬೆಂಚಲ್ಲಿ ಕೂರ್ಸಿ ಕಾಣಿ" ಎಂದು ಪಟ್ಟು ಹಿಡಿದರು. ಅವಳು ಐದನೆಯವರೆಗೆ ಓದಿದಳು. ಅಷ್ಟರಲ್ಲಿ ವಯಸ್ಸು ಮೀರಿತ್ತು, ಚಿಕ್ಕ ಮಕ್ಕಳ ನಡುವೆ ಕೂರಲು ಅವಳಿಗೇ ನಾಚಿಕೆ. ಸಮಯಕ್ಕೆ ಸೇರಿಸಿದ್ದರೆ ಇನ್ನೆಷ್ಟು ಓದುತ್ತಿದ್ದಳೋ! ಹೋದ ವರ್ಷಗಳನ್ನು ಯಾವ ಹರಕೆಯೂ ತಂದು ಕೊಡುವುದಿಲ್ಲ. ಈಗ ಕುಂದಾಪುರದಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ. ಅಳತೆಯನ್ನೆಲ್ಲ ತಾನೇ ಬರೆದುಕೊಳ್ಳುತ್ತಾಳೆ. ಭಾನುವಾರ ನಮ್ಮ ಜಗಲಿಗೆ ಇಂಥ ಮಕ್ಕಳ ತಾಯಂದಿರು ಬರುತ್ತಾರೆ, ಒಬ್ಬಳಂತೂ ಅಷ್ಟು ದೂರದ ಕೊಕ್ಕರ್ಣೆಯಿಂದ. ಮೊದಲು ಅವರು ಅಳಲಿ ಎಂದು ಬಿಡುತ್ತೇವೆ. ಆಮೇಲೆ ಪದ್ದಕ್ಕ ಅವರನ್ನು ಹೊಯ್ಗೆಗೆ ಕರೆದೊಯ್ಯುತ್ತಾರೆ.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಕೊನೆಗಾಲದಲ್ಲಿ ಅವರ ಕಿವಿಯೂ ಹೋಗಿತ್ತು. ಊರಿಗೇ ಕೇಳುವ ನನ್ನ ಗಂಟಲು ಅವರ ಹಾಸಿಗೆಯ ಹತ್ತಿರ ಏನೂ ಪ್ರಯೋಜನಕ್ಕೆ ಬರಲಿಲ್ಲ. ಸರೋಜ ಮಾತ್ರ ಅವರ ಅಂಗೈ ಬಿಡಿಸಿ, ಬೆರಳಿನಿಂದ ಅದೊಂದು ಪದ ಬರೆಯುವಳು. ಅವರು ಬಲ್ಲ ಪದ ಅದೊಂದೇ. ಹೋಗುವ ದಿನ ಬೆಳಿಗ್ಗೆ ನಾನು ಎಷ್ಟು ಕರೆದರೂ ಅತ್ತೆ ಕಣ್ಣು ತೆರೆಯಲಿಲ್ಲ. ಸರೋಜ ಅಂಗೈಯಲ್ಲಿ ಬರೆದಳು.

"ಓ" ಎಂದರು ಅತ್ತೆ.

ಅದು ಸರೋಜಳಿಗೆ ಕೇಳಲಿಲ್ಲ. ಚಿಕ್ಕಂದಿನಂತೆಯೇ ಅಜ್ಜಿಯ ತುಟಿಗೆ ಬೆರಳಿಟ್ಟು ತಿಳಿದುಕೊಂಡಳು. ತಾಯೇ, ನಾವು ಬೇಡಿದ್ದನ್ನು ನೀನು ಕೊಡಲಿಲ್ಲ, ಬೇಕಾದದ್ದನ್ನು ಕೊಟ್ಟೆ. ಅದನ್ನು ತಿಳಿಯಲು ನಾವೇ ತಡಮಾಡಿದೆವು.

— ಸರೋಜಳ ತಾಯಿ, ಬಿಜೂರು, ೧೯೭೨