ಗೋಣಿಯ ಅಕ್ಷರಗಳು

ಅಂಗಳ ಗುಡಿಸಿ, ನೀರು ತುಂಬಿ, ರೊಟ್ಟಿ ಬಡಿದು, ಸಂಜೆ ಬ್ಯಾಡಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದೆ. ಹಳ್ಳಿ ಶಾಲೆಯಲ್ಲಿ ಕನ್ನಡ ಕಲಿಸುವ ನಮ್ಮ ಮನೆಯವರು ಒಂದು ಗಂಟು ಹೊತ್ತು ಬಂದರು. ಬಿಚ್ಚಿದರೆ, ಗೋಣಿಯ ತುಂಡುಗಳ ಮೇಲೆ ದಪ್ಪ ನೂಲಿನಿಂದ ನಾನೇ ಹೊಲಿದುಕೊಟ್ಟಿದ್ದ ಅಕ್ಷರಗಳು. ಬರೆಯುವ ಮೊದಲು ಮಗುವಿನ ಬೆರಳು ಅಕ್ಷರವನ್ನು ಮುಟ್ಟಿ ನೋಡಬೇಕು ಎಂಬುದು ಅವರ ನಂಬಿಕೆ.

“ಯಾಕ್ರೀ, ಇವನ್ನ ಮನೀಗೆ ತಂದ್ರಿ?”

“ಸಾಲಿಗೆ ದೊಡ್ಡ ಟಿ.ವಿ. ಬಂತಲ್ಲ. ‘ಮಾಸ್ತರ, ನಿಮ್ಮ ಗೋಣಿ ಅಂಗಡಿ ಇನ್ನ ಮನ್ಯಾಗ ಹಚ್ರಿ’ ಅಂದ್ರು ಹೆಡ್‌ಮಾಸ್ತರು. ಉಳದ ಮಾಸ್ತರೆಲ್ಲಾ ನಕ್ಕರು. ಇರ್ಲಿ ಬಿಡು, ಹಾಸಿದ್ರ ನಿನಗ ಮೆಣಸಿನಕಾಯಿ ಒಣಗಸಾಕರ ಬರ್ತಾವ.”

“ಹುಡುಗ್ರು ಏನಂದ್ರು?”

“ಟಿ.ವಿ. ನೋಡಾಕತ್ತಿದ್ರು. ನಾ ಗಂಟು ಕಟ್ಟಿದ್ದು ಯಾರೂ ನೋಡ್ಲಿಲ್ಲ.”

‘ಅ’ ಅಕ್ಷರದ ನೂಲು ಮಕ್ಕಳ ಬೆರಳಾಡಿ ನುಣುಪಾಗಿತ್ತು. ಒಮ್ಮೆ ಖಾರ ಹತ್ತಿದರೆ ಮತ್ತೆ ಯಾವ ಮಗುವೂ ಅದನ್ನು ಮುಟ್ಟುವಂತಿಲ್ಲ. ಕೈ ತೊಳೆದು ಬಂದು ಎಲ್ಲವನ್ನೂ ಮಡಚಿ ಟ್ರಂಕಿನಲ್ಲಿಟ್ಟೆ. ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ದಿನವೂ ನಾಳೆಯ ಪಾಠದ ಮಾತು ಆಡುತ್ತ ಕೂಡುವವರು, ಅಂದು ನನಗಿಂತ ಮೊದಲು ಮಲಗಿಬಿಟ್ಟರು.