ಮುದ್ದೆ ಕಚ್ಚಿ ನೋಡುವವರ ಮೂಲ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ನನ್ನ ತವರಿನಲ್ಲಿ ಎಲ್ಲರೂ ಮೊದಲು ಕಡಲೆಕಾಳಿನಷ್ಟು ಮುರಿದು, ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡಿ, ಆಮೇಲೆ ಉಣ್ಣುತ್ತೇವೆ. ಯಾಕೆ? ಗೊತ್ತಿರಲಿಲ್ಲ. ಅಪ್ಪ ಮಾಡುತ್ತಿದ್ದರು, ನಾವೂ ಮಾಡುತ್ತೇವೆ.

"ಫುಡ್ ಇನ್‌ಸ್ಪೆಕ್ಟರ್ ಮೇಡಂ, ಪಾಸೋ ಫೇಲೋ?" ಅಂತ ನನ್ನ ಗಂಡ ಮದುವೆಯಾದಾಗಿನಿಂದ ಕಾಲೆಳೆಯುತ್ತಿದ್ದಾರೆ. (ಮುದ್ದೆ ಕಟ್ಟಿದವಳೂ ನಾನೇ ಅನ್ನುವುದು ಆಗ ಅವರಿಗೆ ಮರೆತಿರುತ್ತದೆ.)

ಈಚೆಗೆ ನಂಜನಗೂಡಿನಲ್ಲಿ ಅಣ್ಣನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಲ್ಲಹಳ್ಳಿ ಪಕ್ಕದವರು. ಎಲ್ಲ ಒಪ್ಪಿಗೆಯಾಗಿ ಕಾಫಿ ಕುಡಿಯುವಾಗ ಹುಡುಗನ ದೊಡ್ಡಪ್ಪ ಕೇಳಿದರು: "ನಿಮ್ದು ಮೂಲ ಯಾವೂರು?"

"ಹುಲ್ಲಹಳ್ಳಿ," ಅಂದ ಅಣ್ಣ.

"ಅಲ್ಲಿಗ್ ಬಂದೋರು ಅಂತ ಗೊತ್ತು ಕಣ್ರೀ. ಅದಕ್ ಮುಂಚೆ?"

ಅಣ್ಣ ನನ್ನ ಕಡೆ ತಿರುಗಿದ. ಎಂಬತ್ತು ದಾಟಿದ ನಮ್ಮ ಸೋದರತ್ತೆ ಪುಟ್ಟಮ್ಮ ತಲೆ ತಗ್ಗಿಸಿಬಿಟ್ಟರು. ಅವರ ತಾತ, ಅಂದರೆ ನನ್ನ ಮುತ್ತಾತ ಕೆಂಚಯ್ಯ, ಎಲ್ಲಿಂದಲೋ ಬಂದು ಹುಲ್ಲಹಳ್ಳಿಯ ಹಿಟ್ಟಿನ ಗಿರಣಿ ಸೇರಿದವರು. ಅದಕ್ಕೇ ಊರಿನಲ್ಲಿ ನಮಗೆ 'ಗಿರಣಿಯೋರು' ಅಂತ ಹೆಸರು. (ಮಿಲ್ ಓನರ್ ವಂಶ ಅಂತ ನಾನು ಕಾಲೇಜಿನಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು.)

"ಸಾಯೋದ್ರೊಳ್ಗೆ ನಮ್ ತಾತನ ಊರು ಗೊತ್ತಾಗ್ಬೇಕು ಕಣವ್ವ," ಅಂದರು ಅತ್ತೆ.

ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತರು ನಕ್ಕರು. "ಜಮೀನಿಲ್ದೋರ್ ಹೆಸ್ರು ಪಹಣೀಲಿ ಎಲ್ಲಿರುತ್ತೆ ಮೇಡಂ?" ಅವರ ಮಾತೂ ನಿಜವೇ. ಆದರೆ ಜಮೀನಿಲ್ಲದವರು ಈ ಭೂಮಿಯ ಮೇಲೆ ಬದುಕಿಯೇ ಇರಲಿಲ್ಲವೇ?

ಅತ್ತೆಗೆ ನೆನಪಿದ್ದದ್ದು ಒಂದೇ. ವರ್ಷಕ್ಕೊಮ್ಮೆ ತಾತ, ಉಳಿ ಹದ ಮಾಡಿಸಿಕೊಂಡು ಬರುತ್ತೇನೆ ಅಂತ ಬನ್ನೂರಿಗೆ ಹೋಗುತ್ತಿದ್ದರಂತೆ. ಹುಲ್ಲಹಳ್ಳಿಯಲ್ಲಿ ಕಮ್ಮಾರರಿರಲಿಲ್ಲವೇ? ಅಷ್ಟು ದೂರ ಯಾಕೆ? ಅತ್ತೆಯನ್ನು ಕರೆದುಕೊಂಡು ಬನ್ನೂರಿನ ಬಸ್ ಹತ್ತಿದೆ.

ಗಿರಣಿಯವರ ಸುದ್ದಿ ಗಿರಣಿಯಲ್ಲೇ ಸಿಗಬೇಕು ಅಂತ, ಹಳೇ ಹಿಟ್ಟಿನ ಗಿರಣಿ ಎಲ್ಲಿ ಎಂದು ಕೇಳುತ್ತಾ ಹೋದರೆ, ಹಿಂದೆ ಅಲ್ಲಿ ಕೆಲಸಕ್ಕಿದ್ದವರ ಮೊಮ್ಮಗ ಸಿದ್ದಯ್ಯ ಅನ್ನುವ ಮುದುಕರ ಮನೆ ಸಿಕ್ಕಿತು. ನಾವು ಬಾಯಿ ಬಿಡುವ ಮೊದಲೇ, "ಬಿಸ್ಲಲ್ ಬಂದಿದ್ದೀರಿ, ಮೊದ್ಲು ಉಣ್ಣಿ," ಅಂತ ತಟ್ಟೆ ಹಾಕಿಸಿ, ತಾವೂ ಕೂತರು. ಕಡಲೆಕಾಳಿನಷ್ಟು ಮುದ್ದೆ ಮುರಿದರು. ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡಿದರು.

ಅತ್ತೆಯ ಕೈ ಅಲ್ಲೇ ನಿಂತಿತು. "ಯಾಕಣ್ಣ ಅಂಗ್ ಮಾಡ್ದೆ?"

"ನಮ್ ತಾತದೀರ ಕಾಲದ್ದು ಕಣವ್ವ. ಅವ್ರು ಗಿರಣಿ ಕಲ್ಲು ಸವೆದಾಗ ಉಳೀಲಿ ಕೊರ್ಯೋರು. ಕೊರ್ದ್ ಮ್ಯಾಲೆ ಬರೋ ಮೊದಲ್ನೇ ಇಟ್ನಲ್ಲಿ ಕಲ್ ಪುಡಿ ಇರ್ತದೆ. ಅದ್ನ ಊರೋರ್ಗೆ ಕೊಡ್ಬಾರ್ದು ಅಂತ ಮನೇಗೇ ತರೋರು. ನಾವು ಕಚ್ಚಿ ನೋಡಿ, ಕಲ್ ಸಿಗ್ದಂಗಾದ್ಮೇಲೇ ಊರೋರ ರಾಗಿ ಬೀಸೋದು."

"ನಿನ್ ತಾತಂಗೆ ತಮ್ಮಂದ್ರಿದ್ರಾ?"

"ಒಬ್ರಿದ್ರು. ಉಳಿ ತಕಂಡು ಹುಲ್ಲಳ್ಳಿ ಗಿರಣಿಗ್ ಓದ್ರು. ಕೆಂಚಯ್ಯ ಅಂತ."

ಅತ್ತೆ ಎಂಜಲು ಕೈಯಲ್ಲೇ ಅವರ ತೋಳು ಹಿಡಿದು ಅತ್ತುಬಿಟ್ಟರು.

ಹಾಗಾದರೆ ನಾವು ಓನರ್ ವಂಶವಲ್ಲ. ಕಲ್ಲು ಕೊರೆಯುವ ಕೂಲಿಯವರ ವಂಶ. ಬೇಜಾರಾಯಿತೇ? ಇಲ್ಲ ಕಣ್ರೀ, ಹೆಮ್ಮೆಯಾಯಿತು. ಪಹಣಿಯಲ್ಲಿ ಸಿಗದ ಮುತ್ತಾತ ನನ್ನ ಹಲ್ಲಿನಲ್ಲೇ ಇದ್ದರು. ಊರಿನ ಬಾಯಿಗೆ ಕಲ್ಲು ಹೋಗದಿರಲಿ ಅಂತ ತಾವು ಕಲ್ಲು ತಿಂದವರು.

ಮೊನ್ನೆ ನಿಶ್ಚಿತಾರ್ಥದಲ್ಲಿ ಹುಡುಗನ ದೊಡ್ಡಪ್ಪ ಮತ್ತೆ ಕೆದಕಿದರು: "ಮೂಲ ಏನಾದ್ರೂ ಗೊತ್ತಾಯ್ತಾ?"

ಅತ್ತೆ ಈ ಸಲ ತಲೆ ಎತ್ತಿಯೇ ಕೇಳಿದರು:

"ನಿಮ್ ತಾತ ಹುಲ್ಲಳ್ಳಿ ಗಿರಣಿ ಇಟ್ಟೇ ಅಲ್ವೇನಪ್ಪ ಉಂಡಿದ್ದು? ಒಂದಿನಾನಾದ್ರೂ ಮುದ್ದೇಲಿ ಕಲ್ ಸಿಕ್ತಾ?"