ಕ್ಯಾಂಪರ್ ಹೊರುವ ಗಾಡಿ

ಕುವೈತಿನ ಫಿಂಟಾಸ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಉಡುಪಿ ಕಡೆಯವರು, ಪಿಕಪ್ಪಿನ ಬೆನ್ನಿಗೆ ಏರಿಸುವಂಥ ಹಳೆಯ ಕ್ಯಾಂಪರ್ ಕೋಣೆಯೊಂದನ್ನು ಕೊಂಡಿದ್ದರು. ಚಳಿಗಾಲದಲ್ಲಿ ಹೆಂಡತಿಯೊಂದಿಗೆ ಮರುಭೂಮಿಯಲ್ಲಿ ಒಂದು ರಾತ್ರಿ ಕಳೆಯಬೇಕೆಂಬ ಆಸೆ ಅವರಿಗೆ. ಹೊರಲು ಗಾಡಿಯಿಲ್ಲದೆ ಅದು ಕಟ್ಟಡದ ಹಿಂದೆ ಕಬ್ಬಿಣದ ಕಾಲುಗಳ ಮೇಲೆ ಧೂಳು ತಿನ್ನುತ್ತಾ ನಿಂತಿತ್ತು.

ಶನಿವಾರ ಬಂತೆಂದರೆ ನನ್ನನ್ನೂ ಶುವೈಖ್‌ನ ಹಳೆಯ ಗಾಡಿಗಳ ಸಂತೆಗೆ ಎಳೆದೊಯ್ಯುತ್ತಿದ್ದರು. ಪಿಕಪ್ಪಿನ ಹಿಂಬದಿಯಲ್ಲಿ ಧೊಪ್ಪನೆ ಕುಳಿತು, ಸ್ಪ್ರಿಂಗ್ ಎಷ್ಟು ತಗ್ಗಿತೆಂದು ಬಗ್ಗಿ ನೋಡಿ, "ಸಾಕಾಗುದಿಲ್ಲ ಮಾರಾಯ್ರೆ," ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು.

ಒಮ್ಮೆ ಬಿಳಿ ಪಿಕಪ್ಪೊಂದು ಹಿಡಿಸಿತು. ಹೆಂಡತಿಗೆ ಫೋನ್ ಮಾಡಿದರು. ಆಕೆ ನರ್ಸ್. "ನೀರಿನ ಟ್ಯಾಂಕ್ ದೊಡ್ಡದಿರ್ಲಿ. ದೋಸೆಗೆ ಗ್ರೈಂಡರೂ ಬೇಕು," ಎಂದರು.

"ಮರುಭೂಮಿಗೆ ಗ್ರೈಂಡರಾ?" ಎಂದು ನಾನು ನಕ್ಕೆ.

ಅವರು ನಗಲಿಲ್ಲ. ಗ್ರೈಂಡರಿನ ಭಾರವನ್ನೂ ಮನಸ್ಸಿನಲ್ಲೇ ಸೇರಿಸಿಕೊಂಡು, "ಸಾಕಾಗುದಿಲ್ಲ," ಎಂದು ಕೆಳಗಿಳಿದರು.

"ಟ್ರೇಲರಿನಲ್ಲಿಟ್ಟು ಎಳೆಯಬಹುದಲ್ಲ?" ಎಂದೆ.

"ಮರಳಲ್ಲಿ ಹೂತುಹೋದ್ರೆ? ಅವಳು ಹೆದರ್ತಾಳೆ."

ಚಳಿ ಶುರುವಾಗುವ ಹೊತ್ತಿಗೆ ಆಕೆಯ ಆಸ್ಪತ್ರೆಯ ಕೆಲಸ ಹೋಯಿತು, ಅದರೊಂದಿಗೆ ಇಲ್ಲಿರಲು ಬೇಕಾದ ಇಕಾಮಾ ಪರವಾನಗಿಯೂ ಮುಗಿಯಿತು. ಗಂಡನ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುವಂತಿರಲಿಲ್ಲ. ಆಕೆ ಊರಿಗೆ ಮರಳಿದರು. ಗ್ರೈಂಡರನ್ನು ನಮ್ಮ ಮನೆಗೆ ಕೊಟ್ಟುಹೋದರು.

ಮುಂದಿನ ಶನಿವಾರವೂ ಅವರು ನನ್ನ ಬಾಗಿಲು ತಟ್ಟಿದರು. ಆ ಬಿಳಿ ಪಿಕಪ್ ಇನ್ನೂ ಅಲ್ಲೇ ಇತ್ತು. ಈ ಸಲ ಅವರು ಹತ್ತಿ ಕೂರಲಿಲ್ಲ, ಬಗ್ಗಿ ನೋಡಲೂ ಇಲ್ಲ. ಅದರ ಅಂಚಿನ ಧೂಳನ್ನು ಅಂಗೈಯಿಂದ ಒರೆಸುತ್ತಾ ನಿಂತರು.

"ಈಗ ಇದು ಸಾಕಾಗ್ತದೆ ಮಾರಾಯ್ರೆ," ಎಂದರು.